ಖಾಲಿ ಹೊಟ್ಟೆಯ ಪತ್ರಕ್ಕೆ ಅಂಟಿದ ತರ್ರಿ ಪೋಹೆ

ನಾಗಪುರದ ನಮ್ಮ ಕಚೇರಿಯ ಕಂಪ್ಯೂಟರ್ ವಿಭಾಗದಲ್ಲಿ ನಾನೊಂದು ನಿಯಮ ಮಾಡಿದ್ದೆ. ಪರೀಕ್ಷೆಯ ಕೆಲಸವನ್ನು ಯಾರೂ ಬ್ಯಾಚ್ ಸಾಲಿಗೆ ಹಾಕಬಾರದು. ನಾವು ಒಪ್ಪಿಸಿದ ಕೆಲಸಗಳನ್ನು ಯಂತ್ರ ತಾನೇ ಒಂದಾದ ಮೇಲೊಂದು ಮುಗಿಸುವ ಸಾಲು ಅದು, ನಿಜವಾದ ಕೆಲಸಕ್ಕೇ ಮೀಸಲು. ಪರೀಕ್ಷೆ ಮಾಡುವವರು ಪರದೆಯ ಮುಂದೆ ನೆಟ್ಟಗೆ ಕುಳಿತು ಪ್ರೋಗ್ರಾಮನ್ನು ನೇರವಾಗಿ ಓಡಿಸಿ ನೋಡಬೇಕು.

ಹುಬ್ಬಳ್ಳಿಯಿಂದ ಬಂದ ಹೆಣ್ಣುಮಗಳೊಬ್ಬಳು ಆಗ ನನ್ನ ಕೈಕೆಳಗೆ ಪ್ರೊಬೇಷನ್ನಿನಲ್ಲಿದ್ದಳು. ಕೆಲಸ ಕಾಯಂ ಮಾಡುವ ಮುನ್ನ ಸಾಹೇಬರು ಅವಳಿಗೊಂದು ಸ್ವತಂತ್ರ ಕೆಲಸ ಕೊಟ್ಟರು: ಆರೋಗ್ಯ ತಪಾಸಣೆಗೆ ಎಲ್ಲ ನೌಕರರಿಗೂ ಪತ್ರ. ಪತ್ರದ ಸೂಚನೆಗೆ ನೂರು ಅಕ್ಷರದ ಜಾಗ. ಅವಳು ನಿಯಮದಂತೆ ಪರೀಕ್ಷಿಸಿದಳು, ನಾನು ಮಾದರಿ ನೋಡಿ ಸಹಿ ಹಾಕಿದೆ, ಪತ್ರಗಳು ಬ್ಯಾಚ್‌ನಲ್ಲಿ ಮುದ್ರಣವಾಗಿ ಹಂಚಿಹೋದವು.

ಸೋಮವಾರ ಬೆಳಗ್ಗೆ ರಾಮದಾಸಪೇಠಿನಿಂದ ವೈದ್ಯರು ಬಂದರು. ಸಭಾಂಗಣದ ತುಂಬ ಖಾರದ ಘಮಲು. ಮೊದಲು ನಿಂತಿದ್ದ ಕಾಮಠಿಯ ಡ್ರೈವರ್, ಒಂದೇ ಪ್ಲೇಟ್ ತಿಂದಿದ್ದೇನೆ, ನಡೆಯುತ್ತದೆಯೇ ಎಂದು ಕೇಳಿದ. ವೈದ್ಯರಿಗೆ ಅರ್ಥವಾಗಲಿಲ್ಲ. ಅವನು ಪತ್ರ ತೋರಿಸಿದ: ರಕ್ತಪರೀಕ್ಷೆ ಇದೆ, ಖಾಲಿ ಹೊಟ್ಟೆಯಲ್ಲಿ ಬನ್ನಿ ತರ್ರಿ ಪೋಹೆ ಒಬ್ಬರಿಗೆ ಎರಡು ಪ್ಲೇಟ್.

ಎಲ್ಲರ ಪತ್ರದಲ್ಲೂ ಹಾಗೆಯೇ, ಖಾಲಿ ಹೊಟ್ಟೆಯ ಬೆನ್ನಿಗೇ ಖಾರದ ರಸ ಸುರಿದ ನಾಗಪುರದ ಅವಲಕ್ಕಿ. ಸಾಹೇಬರೂ ಪ್ರತಾಪ ನಗರದ ಪೋಹೆ ಗಾಡಿಯ ಮುಂದೆ ನಿಂತು ಸರ್ಕಾರಿ ಆದೇಶವೆಂದೇ ಎರಡು ಪ್ಲೇಟ್ ಮುಗಿಸಿ ಬಂದಿದ್ದರು. ವೈದ್ಯರು ಮರುದಿನ ಬರುವೆನೆಂದು ಪೆಟ್ಟಿಗೆ ಮುಚ್ಚಿದರು. ಸಾಹೇಬರು ತೇಗಿ, ಅವಳ ಪ್ರೊಬೇಷನ್ ಇನ್ನೂ ಆರು ತಿಂಗಳು ಎಂದರು.

"ಸರ್, ಪೋಹೆ ನಾ ಹಾಕಿಲ್ರಿ," ಎಂದಳು ಅವಳು. "ಉಪವಾಸ ಬರ್ರಿ ಅಂತ ಅಷ್ಟೇ ಬರದೇನ್ರಿ. ಬೇಕಾದ್ರ ನೀವೇ ಮತ್ತೊಮ್ಮೆ ಓಡಿಸಿ ನೋಡ್ರಿ."

ನೇರವಾಗಿ ಓಡಿಸಿದೆ, ಪತ್ರ ಸರಿಯಾಗಿತ್ತು. ಜೀವನದಲ್ಲಿ ಮೊದಲ ಬಾರಿಗೆ ನನ್ನ ನಿಯಮ ಮುರಿದು ಪರೀಕ್ಷೆಯನ್ನು ಬ್ಯಾಚ್‌ಗೆ ಹಾಕಿದೆ. ಪೋಹೆ ಬಂತು.

ಕಾರಣ ಸರಳ. ನೇರವಾಗಿ ಓಡಿಸಿದಾಗ ನೂರು ಅಕ್ಷರದ ಜಾಗ ಪೂರ್ತಿ ತಲುಪುತ್ತದೆ. ಬ್ಯಾಚ್‌ಗೆ ಕಳಿಸಿದರೆ ಯಂತ್ರ ಕೊನೆಯ ಖಾಲಿ ಜಾಗವನ್ನು ಕತ್ತರಿಸಿ ಬರೆದಷ್ಟನ್ನೇ ಕೊಡುತ್ತದೆ. ಪ್ರೋಗ್ರಾಮು ಮಾತ್ರ ನೂರರವರೆಗೂ ಓದುತ್ತಾ, ಯಂತ್ರದ ನೆನಪಿನಲ್ಲಿ ಅದರ ಪಕ್ಕಕ್ಕೆ ಬಿದ್ದಿದ್ದನ್ನೂ ಬಾಚಿಕೊಳ್ಳುತ್ತದೆ. ಅಂದು ಅಲ್ಲಿ ಬಿದ್ದಿದ್ದದ್ದು, ಅದೇ ಬ್ಯಾಚ್ ಕೆಲಸ ಪತ್ರಗಳಿಗಿಂತ ಸ್ವಲ್ಪ ಮುಂಚೆ ಮುದ್ರಿಸಿದ್ದ ಕ್ಯಾಂಟೀನಿನ ತಿಂಡಿ ಪಟ್ಟಿ. ಜಾಗವನ್ನು ನೂರಾ ಒಂದು ಮಾಡಿ, ಕೊನೆಯದರಲ್ಲಿ ಒಂದು ಚುಕ್ಕಿ ಇಡಿಸಿದೆ. ಬಾಲದಲ್ಲಿ ಚುಕ್ಕಿ ಇದ್ದುದರಿಂದ ಯಂತ್ರಕ್ಕೆ ಕತ್ತರಿಸಲು ಏನೂ ಸಿಗಲಿಲ್ಲ. ಪ್ರೋಗ್ರಾಮು ಮೊದಲ ನೂರನ್ನೇ ಓದಿತು. ಸಂಜೆಯೊಳಗೆ ಹೊಸ ಪತ್ರ ಹೋಯಿತು.

ಮಂಗಳವಾರ ಇಡೀ ಕಚೇರಿ ಹಸಿದು ಬಂತು. ರಕ್ತ ಕೊಟ್ಟು ಕ್ಯಾಂಟೀನಿನತ್ತ ಧಾವಿಸುತ್ತಿದ್ದ ಸಾಹೇಬರನ್ನು ಬಾಗಿಲಲ್ಲೇ ತಡೆದೆ. ನನ್ನ ಕೈಯಲ್ಲಿ, ತಪ್ಪು ಅವಳದಲ್ಲ, ನನ್ನ ನಿಯಮದ್ದು ಎಂಬ ನಾಲ್ಕು ಪುಟದ ವರದಿ. ಜೊತೆಗೆ ಅವಳನ್ನು ಕಾಯಂ ಮಾಡುವ ಕಾಗದ. ಕಾಯಂ ಕಾಗದ ಮೊದಲು ಕೊಡಿ ಎಂದರು. ಓದದೆ ಸಹಿ ಕ್ರಮವಲ್ಲ ಎಂದು ನಾನು ವರದಿಯನ್ನು ಗಟ್ಟಿಯಾಗಿ ಓದತೊಡಗಿದೆ. ಎರಡನೆಯ ಪುಟ ತಿರುಗಿಸುವಷ್ಟರಲ್ಲಿ ಅವರು ಕಾಯಂ ಕಾಗದವನ್ನು ನನ್ನ ಕೈಯಿಂದ ಕಿತ್ತುಕೊಂಡು, ಗೋಡೆಗೆ ಒತ್ತಿ ಹಿಡಿದು ಸಹಿ ಮಾಡಿಬಿಟ್ಟಿದ್ದರು.