ಬಿಗಿ ಬಿಡದ ಚಕ್ರ

ಭದ್ರಾವತಿ ಓಲ್ಡ್ ಟೌನಿನ ಉಮಾಮಹೇಶ್ವರಿ ಬಹಳ ವರ್ಷ ಶಾಲಾ ವ್ಯಾನ್ ಓಡಿಸಿದವಳು. ಆ ಕೆಲಸ ಬಿಟ್ಟ ಮೇಲೆ ಹಳೆಯ ವ್ಯಾನೊಂದರ ಸೀಟು ಕೀಳಿಸಿ, ಮಂಚ, ಗ್ಯಾಸ್ ಒಲೆ, ನೀರಿನ ಡ್ರಮ್ಮು ಕೂರಿಸಿ ಅದನ್ನೇ ಓಡಾಡುವ ಮನೆ ಮಾಡಿಕೊಂಡಳು. ಸೊಂಟ ಮುರಿದು ಕೂರಲಾರದ ಅತ್ತೆ ಜಗದಾಂಬಾ ಅದರಲ್ಲಿ ಮಲಗಿಕೊಂಡೇ ಊರೂರು ನೋಡುತ್ತಿದ್ದರು.

ಈ ಬೇಸಿಗೆಯಲ್ಲಿ ಬ್ರೇಕು ಕಾಟ ಕೊಡತೊಡಗಿತು. ಪೆಡಲಿನಿಂದ ಕಾಲು ತೆಗೆದರೂ ಮುಂದಿನ ಎಡಚಕ್ರ ಬಿಗಿ ಬಿಡುತ್ತಿರಲಿಲ್ಲ. ಶಿವಮೊಗ್ಗದಲ್ಲಿ ಬ್ರೇಕ್ ಪ್ಯಾಡ್ ಹೊಸದು ಹಾಕಿಸಿಕೊಂಡು ಬಂದು, ಇನ್ನು ಚಿಂತೆಯಿಲ್ಲವೆಂದು ಒಂದು ದಿನ ಭದ್ರಾವತಿಯಿಂದ ಶಿವಮೊಗ್ಗದಾಚೆಯ ಹೊಳಲೂರಿಗೆ, ಅತ್ತೆಯ ತವರಿಗೆ, ಅವರನ್ನು ಕರೆದುಕೊಂಡು ಹೊರಟಳು.

ಶಿವಮೊಗ್ಗ ಇನ್ನೂ ದೂರವಿರುವಾಗಲೇ ಗಾಡಿ ಎಡಕ್ಕೆ ಎಳೆಯಿತು. ಸುಟ್ಟ ವಾಸನೆ ಮೂಗಿಗೆ ಬಡಿಯಿತು. ನಿಲ್ಲಿಸಿ ಇಳಿದು ನೋಡಿದರೆ ಚಕ್ರದೊಳಗಿಂದ ಹೊಗೆ. ಹೊಗೆಯ ನಡುವೆ ಬೆಂಕಿ.

ಹಿಂದಿನ ಬಾಗಿಲು ತೆರೆದವಳೇ ಗ್ಯಾಸ್ ಸಿಲಿಂಡರ್ ಕಳಚಿ, ಎದೆಗವಚಿಕೊಂಡು ಗದ್ದೆಯತ್ತ ಓಡಿದಳು.

“ಉಮಾ, ಎಲ್ಲಿಗ್ ಹೋಗ್ತಿದೀಯೇ?” ಒಳಗಿಂದ ಅತ್ತೆ ಕೂಗಿದರು. ಇವಳು ಸಿಲಿಂಡರನ್ನು ದೂರದ ಬದುವಿನಾಚೆ ಇಟ್ಟು ವಾಪಸು ಓಡಿಬಂದಳು.

ಅಷ್ಟರಲ್ಲಿ ಲಗೇಜ್ ಆಟೋದ ಮಲ್ಲಿಕ್ ಎಂಬಾತ ಗಾಡಿ ನಿಲ್ಲಿಸಿ ಓಡಿಬಂದ. ಇಬ್ಬರೂ ಸೇರಿ ಅತ್ತೆಯನ್ನು ಹಾಸಿಗೆ ಸಮೇತ ಇಳಿಸಿ ಮರದಡಿ ಮಲಗಿಸಿದರು. ಮಣ್ಣು ಎರಚಿ ಎರಚಿ ಬೆಂಕಿ ಆರಿಸಿದರು.

“ಸ್ವಲ್ಪ ತಣ್ಣಗಾದ್ಮೇಲೆ ನಿಧಾನಕ್ಕೆ ಹೊಡ್ಕೊಂಡು ಹೋಗ್ಬಹುದಲ್ಲ ಅಕ್ಕ?” ಎಂದ ಮಲ್ಲಿಕ್.

“ಬೇಡ ಮಾರಾಯ. ಯಾಕೆ ಹಿಡೀತು ಅಂತ ಗೊತ್ತಾಗ್ಲಿ ಮೊದ್ಲು.”

ತಣಿದ ಮೇಲೆ ಜಾಕ್ ಕೊಟ್ಟು ಚಕ್ರ ತಿರುಗಿಸಿದಳು, ಕದಲಲಿಲ್ಲ. ಬ್ರೇಕಿನ ಗಾಳಿ ತೆಗೆಯುವ ನಟ್ಟು ಸಡಿಲಿಸಿದ್ದೇ ತಡ, ಆಯಿಲ್ ಚಿಮ್ಮಿತು, ಚಕ್ರ ತಿರುಗಿತು. ಪೆಡಲ್ ಒತ್ತಿದಾಗ ಚಕ್ರಕ್ಕೆ ಹೋದ ಆಯಿಲ್ ಹಿಂದಕ್ಕೆ ಬರುತ್ತಿರಲಿಲ್ಲ. ಅಲ್ಲಿಗೆ ಹೋಗುವ ಹಳೆಯ ರಬ್ಬರ್ ಪೈಪು ಒಳಗೊಳಗೇ ಊದಿ ಕಟ್ಟಿಕೊಂಡಿರಬೇಕು. ಹೊರಗಿನಿಂದ ನೋಡಿದರೆ ಅದಕ್ಕೊಂದು ಬಿರುಕೂ ಇರಲಿಲ್ಲ.

ವ್ಯಾನನ್ನು ಎಳೆದೊಯ್ಯಲು ಗ್ಯಾರೇಜಿಗೆ ಫೋನ್ ಮಾಡಿ, ಅವರು ಬಂದು ಒಯ್ದ ಮೇಲೆ ಅತ್ತೆಯನ್ನು ಹಾಸಿಗೆ ಸಮೇತ ಮಲ್ಲಿಕನ ಆಟೋದ ಹಿಂಬದಿಯಲ್ಲಿ ಮಲಗಿಸಿ, ತಾನೂ ಹತ್ತಿ ಭದ್ರಾವತಿಗೆ ಹಿಂತಿರುಗಿದಳು.

“ನನ್ನ ಬಿಟ್ಟು ಓಡಿದೆ ಅಂದ್ಕೊಂಡೆ,” ಎಂದರು ಜಗದಾಂಬಾ.

“ಆ ಸಿಲಿಂಡರ್ ಮೊದ್ಲು ಇಳಿಸ್ದೇ ಇದ್ದಿದ್ರೆ ಇಬ್ರೂ ಉಳೀತಿರ್ಲಿಲ್ಲ ಅತ್ತೆ.”

“ಈಗ ಗೊತ್ತಾಯ್ತು.” ಅವರು ಸೊಸೆಯ ಮಣ್ಣುಗೈಯನ್ನು ಹಿಡಿದುಕೊಂಡರು. “ಗಾಡಿ ಸರಿಯಾದ್ಮೇಲೆ ಮಂಚ ಮುಂದಕ್ಕೆ ತಿರುಗ್ಸು. ಮಲಗಿದ್ರೂ ನೀನು ಕಾಣ್ಬೇಕು ನಂಗೆ.”