ಗೌಸ್ ಸಾಬರ ಚಾವಿ ಕ್ಯಾಮರಾ

ಹುಣಸೂರು ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡಿಕೊಂಡು ತೆಪ್ಪಗಿದ್ದ ಗೌಸ್ ಸಾಬರಿಗೆ ಸಿನಿಮಾ ಹುಚ್ಚು ಹತ್ತಿಸಿದವನು ಅಂತರಸಂತೆಯ ರೈತ ಚಲುವಯ್ಯ. ಕಾಕನಕೋಟೆ ಕಾಡಿನಲ್ಲಿ ಆನೆ ಹಿಡಿಯುವ ಖೆಡ್ಡಾ ನಡೆದಾಗಲೆಲ್ಲ ಡಬ್ಬ ಬಡಿದು, ಕೂಗು ಹಾಕಿ ಕಾಡಾನೆಗಳನ್ನು ಹೊಳೆಗೆ ಅಟ್ಟುವ ಗುಂಪಿನಲ್ಲಿ ಅವನೂ ಒಬ್ಬ. ಒಂದು ದಿನ ಸಾಬರ ಅಂಗಡಿಯ ಗೋಡೆಯಲ್ಲಿದ್ದ ಖೆಡ್ಡಾ ಫೋಟೋ ನೋಡಿ ಸಿಡುಕಿದ.

"ಆನೆ ಅವೆ, ದೊರೆಗಳವ್ರೆ. ನಾವೆಲ್ಲಿ ಸಾಬ್ರೇ? ಆನೆ ತಾನಾಗೇ ಬಂದು ಒಳೆಗೆ ಬಿತ್ತಾ?"

ಸಾಬರಿಗೆ ಮಾತು ನಾಟಿತು. ಮುಂದಿನ ಖೆಡ್ಡಾದಲ್ಲಿ ಆನೆ ಅಟ್ಟುವವರ ಚಿತ್ರವನ್ನು, ಅದೂ ಓಡಾಡುವ ಚಿತ್ರವನ್ನು, ತಾವೇ ತೆಗೆಯುತ್ತೇನೆಂದು ಮಾತು ಕೊಟ್ಟುಬಿಟ್ಟರು. ತಪ್ಪಿದರೆ ಚಲುವಯ್ಯನಿಗೆ ಮುಖ ತೋರಿಸುವಂತಿರಲಿಲ್ಲ.

ಮೈಸೂರಿನ ಅಂಗಡಿಯಲ್ಲಿ ಎರಡು ಕ್ಯಾಮರಾಗಳಿದ್ದವು. ಮೂರು ಕಾಲಿನ ಮೇಲೆ ನಿಲ್ಲಿಸಿ ಕೈಯಲ್ಲಿ ತಿರುಗಿಸುವ ದೊಡ್ಡದೊಂದು. ಚಾವಿ ಕೊಟ್ಟರೆ ಅರ್ಧ ನಿಮಿಷ ಓಡುವ ಚಿಕ್ಕದೊಂದು. ದೊಡ್ಡದರಲ್ಲೇ ಚಿತ್ರ ಚೆಂದ ಎಂದು ಅಂಗಡಿಯವನು ಹೊಗಳಿದ್ದೇ ಹೊಗಳಿದ್ದು. ಸಾಬರು ಚಿಕ್ಕದನ್ನು ಕಿವಿಗೆ ಹಿಡಿದು, ಗಡಿಯಾರ ಕೇಳುವಂತೆ ಕೇಳಿದರು.

"ಚಲುವಯ್ಯ ಓಡೋ ಆಳು ಕಣ್ರೀ. ನಿಮ್ಮ ಮೂರು ಕಾಲು ಅವನ ಹಿಂದೆ ಓಡ್ತದಾ?" ಎಂದು ಚಿಕ್ಕದನ್ನೇ ಆರಿಸಿದರು.

ಮನೆಗೆ ತಂದು, ಪರೀಕ್ಷೆಗೆಂದು ಹೆಂಡತಿ ಮುನ್ನೀಬಿಯನ್ನು ಅಂಗಳದಲ್ಲಿ ನಡೆಸಿದರೆ, ಆಕೆ ಬಾವಿಕಟ್ಟೆ ಮುಟ್ಟುವ ಮೊದಲೇ ಕ್ಯಾಮರಾ ನಿಂತಿತು. ಮೂರು ಸಲವೂ ಹಾಗೆಯೇ. ಸಾಬರು ಅಂಗಡಿಯವನಿಗೆ ಹಿಡಿಶಾಪ ಹಾಕಿದರು.

"ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ," ಎಂದಳು ಮುನ್ನೀಬಿ. "ಸ್ಪ್ರಿಂಗ್ ಕಿತ್ತೋಗ್ತದೆ ಅಂತ ಮನೆ ಗಡಿಯಾರಕ್ಕೂ ಅರ್ಧ ಚಾವಿ ಕೊಡ್ತೀರಿ. ಇದಕ್ಕೂ ಅಷ್ಟೇ ಕೊಟ್ರಿ!"

ನಿಜವೇ. ಇಪ್ಪತ್ತು ವರ್ಷಗಳಿಂದ ಹಳೇ ಗಡಿಯಾರಗಳನ್ನು ಜೋಪಾನ ಮಾಡಿದ ಕೈ, ಬಿಗಿ ಹತ್ತುವ ಮೊದಲೇ ನಿಂತುಬಿಡುತ್ತಿತ್ತು. ಊರವರ ಗಡಿಯಾರ ಸರಿಮಾಡುವ ಮಹಾನುಭಾವರ ಕೈ ಸರಿಮಾಡಲು ಹೆಂಡತಿಯೇ ಬೇಕಾಯಿತು.

ಖೆಡ್ಡಾದ ದಿನ ಸಾಬರು ದೊರೆಗಳೂ ಅವರ ಅತಿಥಿಗಳೂ ಕೂತು ನೋಡುವ ಅಟ್ಟಣೆಯ ಕಡೆ ತಲೆ ಹಾಕಲಿಲ್ಲ. ಚಾವಿಯನ್ನು ಕೊನೆಯ ಸುತ್ತಿನವರೆಗೂ ತಿರುಗಿಸಿ, ಹೊಳೆದಂಡೆಯ ಮತ್ತಿಮರದ ಮರೆಯಲ್ಲಿ ನಿಂತರು. ಆನೆಗಳು ಬಂದವು. ನೀರಿನ ಅಂಚಿನಲ್ಲಿ ದೊಡ್ಡ ಸಲಗ ಗಕ್ಕನೆ ಹಿಂದಕ್ಕೆ ತಿರುಗಿತು. ಅಟ್ಟುವವರೆಲ್ಲ ದಿಕ್ಕಾಪಾಲಾದರು. ಚಲುವಯ್ಯ ಒಬ್ಬನೇ ಡಬ್ಬ ಬಡಿಯುತ್ತಾ ಅದರ ಎದುರಿಗೇ ಓಡಿದ. ಸಾಬರು ಗುಂಡಿ ಒತ್ತಿ ಹಿಡಿದರು. ಸಲಗ ಕಿವಿ ಅಗಲಿಸಿತು, ತಡೆದು ನಿಂತಿತು, ಕೊನೆಗೆ ತಿರುಗಿ ಹೊಳೆಗಿಳಿಯಿತು. ಅದು ಪೂರ್ತಿ ನೀರಿಗಿಳಿದ ಮೇಲೆಯೇ ಕ್ಯಾಮರಾ ನಿಂತದ್ದು!

ಬೊಂಬಾಯಿಗೆ ಹೋದ ರೀಲು ತೊಳೆಸಿಕೊಂಡು ಬರಲು ಒಂದೂವರೆ ತಿಂಗಳಾಯಿತು. ಒಂದು ಸಂಜೆ ಅಂತರಸಂತೆಯವರು ಗಾಡಿ ಕಟ್ಟಿಕೊಂಡು ಹುಣಸೂರಿಗೆ ಬಂದರು. ಬಾಡಿಗೆಗೆ ತಂದ ಪ್ರೊಜೆಕ್ಟರಿನಿಂದ ಬಿಳಿ ಪಂಚೆಯ ಮೇಲೆ ಆ ಅರ್ಧ ನಿಮಿಷವನ್ನು ಏಳು ಸಲ ತೋರಿಸಬೇಕಾಯಿತು. ಏಳನೆಯ ಸಲ ಚಲುವಯ್ಯ ತಡೆಯಲಾರದೆ ಎದ್ದು ಪಂಚೆಯ ಮುಂದೆ ನಿಂತು ಕೂಗಿದ.

"ಈಗ ಯೋಳ್ರಲಾ, ಆನೆ ತಾನಾಗೇ ಬಿತ್ತಾ?"

ಅವನ ಹೆಂಡತಿ ಕುಳ್ಳಮ್ಮ ಹಿಂದಿನಿಂದ ಗದರಿದಳು: "ಕೂತ್ಕಳಿ ಅತ್ಲಾಗಿ! ನೀವು ಅಡ್ಡ ನಿಂತ್ರೆ ನಾನು ನಿಮ್ಮುನ್ನ ನೋಡೋದೆಂಗೆ?"