ಮಚ್ಚಣ್ಣನ ಗಾಡಿ ನಿಲ್ಲಲಿಲ್ಲ

ಬಸವಕಲ್ಯಾಣದಿಂದ ಹುಮನಾಬಾದಿಗೆ ಮಚ್ಚೇಂದ್ರ ಜೀಪು ಹೊಡೆಯುತ್ತಿದ್ದ ಕಾಲದಲ್ಲಿ, ಹೆಣ್ಣುಮಕ್ಕಳನ್ನು ಒಂಟಿಯಾಗಿ ಕಳಿಸುವವರು ಅವನ ಗಾಡಿಯನ್ನೇ ಕಾಯುತ್ತಿದ್ದರು. ರಾಜೇಶ್ವರ ದಾಟಿದ ಮೇಲೆ ಜಾಲಿಗಿಡಗಳ ಮರೆಯಿದ್ದ ಕಡೆ ಅವನು ತಾನಾಗಿಯೇ ಗಾಡಿ ನಿಲ್ಲಿಸುತ್ತಿದ್ದ. 'ಇಂಜಿನ್ ಕಾದದ, ಆರಲಿ' ಎಂದು ನೆವ ಹೇಳಿ, ಗಂಡಸರನ್ನೆಲ್ಲ ಚಹಾದಂಗಡಿಯತ್ತ ಕರೆದೊಯ್ಯುತ್ತಿದ್ದ. ಹೆಂಗಸರು ನಾಚಿಕೆ ಬಿಟ್ಟು ಕೇಳಬೇಕಾಗುತ್ತಿರಲಿಲ್ಲ. ಆ ದಾರಿಯಲ್ಲಿ ಅವನಿಗೆ ಮಚ್ಚಣ್ಣ ಎಂಬ ಹೆಸರು ಬಂದದ್ದು ಹಾಗೆ.

ಈಗ ಅವನು ಬಾಡಿಗೆಗೆ ಓಡಿಸುವುದು ಹಳೆಯದೊಂದು ಹೈಬ್ರಿಡ್ ಕಾರು. ಪೆಟ್ರೋಲಿಗೂ ಓಡುತ್ತದೆ, ಬ್ಯಾಟರಿಗೂ ಓಡುತ್ತದೆ. ಮೊನ್ನೆ ಬೇಸಿಗೆಯಲ್ಲಿ ಇಂಥ ಕಾರುಗಳಿಗೆಂದೇ ಒಂದು ರ್‍ಯಾಲಿ ನಡೆಯಿತು. ಕಲ್ಯಾಣದಿಂದ ಹೊರಟು, ಹುಮನಾಬಾದ್ ದಾಟಿ, ಮನ್ನಾಏಖೇಳ್ಳಿ ಮುಟ್ಟಿ, ತಿರುಗಿ ಹುಮನಾಬಾದಿಗೆ ಬರಬೇಕು. ಮೊದಲು ಬಂದವನು ಗೆದ್ದಂತಲ್ಲ, ಕಡಿಮೆ ಎಣ್ಣೆ ಸುಟ್ಟವನು ಗೆದ್ದಂತೆ.

"ಕಾಕಾ, ನಿನ್ನ ಗಾಡಿ ಎಮ್ಮಿ ನೀರ ಕುಡದಂಗ ಎಣ್ಣಿ ಕುಡೀತದ. ಸುಮ್ನ ಮನ್ಯಾಗ ಕೂಡು," ಎಂದು ಹೊಸ ಕಾರಿನ ಬಸವಕುಮಾರ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಎಲ್ಲರೆದುರು ಛೇಡಿಸಿದ.

"ಹುಮನಾಬಾದಿನ್ಯಾಗ ಭೆಟ್ಟಿ ಆಗು ಮಗನ, ಆವಾಗ ಮಾತಾಡೋಣು," ಎಂದ ಮಚ್ಚೇಂದ್ರ. ಅವತ್ತಿನಿಂದ ಅವನಿಗೆ ಊಟ ನಿದ್ದೆಯಲ್ಲೂ ಅದೇ ಧ್ಯಾನ.

ಮೋಸವಾಗದಂತೆ ಪ್ರತಿ ಕಾರಿನಲ್ಲೂ ಸಾಕ್ಷಿಗೆ ಒಬ್ಬರನ್ನು ಕೂರಿಸಿದ್ದರು. ಅವನ ಪಾಲಿಗೆ ಬಂದವಳು ಹುಮನಾಬಾದಿನ ಶಿಕ್ಷಕಿ ವಿದ್ಯಾವತಿ. ಕಾಲೇಜಿನ ದಿನಗಳಲ್ಲಿ ಅವನ ಜೀಪಿನಲ್ಲೇ ಓಡಾಡಿದವಳು.

"ಮಚ್ಚಣ್ಣನ ಗಾಡಿ ಅಂದ್ರ ನನಗ ಚಿಂತಿಲ್ಲ ಬಿಡ್ರಿ," ಎಂದು ನಗುತ್ತ ಹತ್ತಿದಳು.

ಎಣ್ಣೆ ಉಳಿಯಲೆಂದು ಮಚ್ಚೇಂದ್ರ ಎಸಿ ಹಾಕಲಿಲ್ಲ. ಕಾರು ಕಾದ ಹಂಚಾಯಿತು. ವಿದ್ಯಾವತಿ ಬಾಟಲಿ ಬರಿದಾಗುವಷ್ಟು ನೀರು ಕುಡಿದಳು. ಮನ್ನಾಏಖೇಳ್ಳಿಯಿಂದ ತಿರುಗಿದ ಮೇಲೆ ಮೆಲ್ಲಗೆ ಕೇಳಿದಳು: "ಅಣ್ಣಾ, ಎಲ್ಯಾರ ಮರೆ ಇದ್ದಲ್ಲಿ ಒಂದೀಟು ನಿಂದ್ರಸ್ರಿ."

"ಹುಮನಾಬಾದ್ ಬಂದೇಬಿಡ್ತು, ತಂಗೀ."

"ನನಗ ಸಕ್ಕರಿ ಬ್ಯಾನಿ ಅದರಿ. ತಡಕೊಳ್ಳಾಕ ಆಗವಲ್ದು."

ನಿಲ್ಲಬಾರದೆಂಬ ನಿಯಮವೇನೂ ಇರಲಿಲ್ಲ. ಆದರೆ ಮುಂದೆ ಏರು. ಅಲ್ಲಿ ನಿಂತ ಕಾರು ಮತ್ತೆ ಹೊರಡುವಾಗ ಎಣ್ಣೆ ಹೀರುತ್ತದೆ. ರಸ್ತೆ ಬದಿಗೆ ಬಸವಕುಮಾರನ ಕಾರು ನಿಂತದ್ದೂ ಕಂಡಿತು, ಮಚ್ಚೇಂದ್ರನ ಎದೆ ಹಿಗ್ಗಿತು. ಕಿವಿಗಳನ್ನು ಮನೆಯಲ್ಲೇ ಬಿಟ್ಟು ಬಂದವನಂತೆ ಕಾರು ಬಿಟ್ಟ. ಅವಳು ಇನ್ನೊಮ್ಮೆ "ಅಣ್ಣಾ" ಎಂದಳು. ಆಮೇಲೆ ಕರೆಯಲಿಲ್ಲ.

ಯಾಕೆ ಕರೆಯಲಿಲ್ಲ ಎಂಬುದು ಹುಮನಾಬಾದಿನಲ್ಲಿ ಕಾರು ನಿಂತಾಗ ತಿಳಿಯಿತು. ಅವಳು ಒದ್ದೆ ಸೀರೆಗೆ ಕೈಚೀಲ ಅಡ್ಡ ಹಿಡಿದು ಇಳಿದಳು.

"ತಕರಾರು ಏನರ ಅದ ಏನ್ರಿ, ಮೇಡಂ?" ಎಂದು ರ್‍ಯಾಲಿಯವರು ಕೇಳಿದರು.

"ಏನಿಲ್ರಿ. ಗಾಡಿ ಎಲ್ಲೂ ನಿಂತಿಲ್ಲ," ಎಂದವಳೇ ಆಟೋ ಹತ್ತಿದಳು.

ಗೆದ್ದವನು ಮಚ್ಚೇಂದ್ರನೇ. ಹಾರ ಹಾಕಿದವನು ಬಸವಕುಮಾರ. "ಸೋತೆ ಕಾಕಾ! ನನ್ನ ಗಾಡ್ಯಾಗಿನ ಮುದುಕಪ್ಪಗ ಹೊಟ್ಟಿ ತೊಳಸ್ತು, ನಿಂದ್ರಸಿದೆ. ಅಲ್ಲೇ ಎಣ್ಣಿ ಹೋತು ನೋಡು," ಎಂದು ನಕ್ಕ. ಮಚ್ಚೇಂದ್ರನಿಗೆ ಹೂವಿನ ಹಾರ ಕೊರಳಿಗೆ ಕೆಂಡವಾಯಿತು. ನಾಲ್ಕು ಮಾತಾಡೆಂದು ಮೈಕು ಕೊಟ್ಟರೆ, ಕೈ ಮುಗಿದು ಕೆಳಗಿಳಿದ.

ಮನೆಯಲ್ಲಿ ಸೀಟು ತೊಳೆಯುತ್ತಿದ್ದವನನ್ನು ಹೆಂಡತಿ ದ್ರೌಪತಿ ಕೇಳಿದಳು: "ಯಾರ ಹೊಲಸ ಮಾಡ್ಯಾರ ಇದು?"

"ನಾನೇ," ಎಂದ. ಅವಳು ನಗೆಯಾಡಿದನೆಂದುಕೊಂಡಳು.

ಮರುವಾರ ಹುಮನಾಬಾದಿನ ಬಸ್ ಸ್ಟ್ಯಾಂಡಿನ ಹೊರಗೆ ವಿದ್ಯಾವತಿ ಬಿಸಿಲಲ್ಲಿ ನಿಂತಿದ್ದಳು. ಮಚ್ಚೇಂದ್ರ ಕಾರು ನಿಲ್ಲಿಸಿ ಇಳಿದ. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡಿದ್ದವನು ಹಿಂದಿನ ಬಾಗಿಲು ತೆರೆದು ಹಿಡಿದ.

"ಕಲ್ಯಾಣಕ್ಕ ಹೊಂಟೀನಿ. ಕೂಡ್ರಿ, ತಂಗೀ," ಎಂದಷ್ಟೇ ಹೇಳಿದ.

ಅವಳು ಅವನ ಮುಖ ನೋಡಲಿಲ್ಲ. ಸೆರಗು ಸರಿಪಡಿಸಿಕೊಂಡು, "ಬ್ಯಾಡ್ರಿ. ಬಸ್ ಬಂತು," ಎಂದಳು.

ರಸ್ತೆಯಲ್ಲಿ ಯಾವ ಬಸ್ಸೂ ಇರಲಿಲ್ಲ.